ಫಲಾಗಮವಿಲ್ಲದ ಚರಿತೆ: ಲೆವ್ ಆರ್ಟ್ಸಿಮೋವಿಚರ ಸಾಧನೆಯ ವಿಮರ್ಶೆ

ವಿಜ್ಞಾನಿಗಳ ಜೀವನಚರಿತ್ರೆಗಳು ನಮ್ಮ ಭಾಷೆಯಲ್ಲಿ ಹೆಚ್ಚಾಗಿ ಬರುತ್ತಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಅವುಗಳಲ್ಲಿ ನಾಲ್ಕಾರನ್ನು ಒಟ್ಟಿಗೆ ಓದಿದ ಸಹೃದಯನಿಗೆ ಒಂದು ಸಂದೇಹವು ಹುಟ್ಟದೆ ಇರದು. ಹೆಸರು ಬೇರೆ, ದೇಶ ಬೇರೆ, ಶಾಸ್ತ್ರ ಬೇರೆ. ಕಥೆ ಮಾತ್ರ ಒಂದೇ. ಬಡತನದ ಬಾಲ್ಯ, ಗುರುಕಟಾಕ್ಷ, ಹಗಲಿರುಳೆನ್ನದ ದುಡಿಮೆ, ಲೋಕದ ಪರಿಹಾಸ, ಕಡೆಗೆ ಒಂದು ಶುಭಮುಹೂರ್ತದಲ್ಲಿ ಮಹಾಶೋಧನೆ, ಅದರ ಬೆನ್ನಿಗೆ ಬಹುಮಾನ, ಬಿರುದು, ಜಯಘೋಷ. ನಮ್ಮ ಹಳೆಯ ಚರಿತಕಾವ್ಯಗಳ ನಾಯಕನು ದಿಗ್ವಿಜಯವನ್ನು ಮುಗಿಸಿ ಪಟ್ಟಾಭಿಷಿಕ್ತನಾಗುವಂತೆ ಇವರೂ ಕಡೆಯ ಪ್ರಕರಣದಲ್ಲಿ ಫಲವನ್ನು ಕೈಯಲ್ಲಿ ಹಿಡಿದೇ ನಿಲ್ಲುವರು. ಈ ಅಚ್ಚಿಗೆ ಒಗ್ಗದ ಜೀವನವೊಂದು ಎದುರಾದರೆ ಚರಿತ್ರಕಾರನು ಏನು ಮಾಡಬೇಕು? ಇಲ್ಲದ ಫಲವನ್ನು ಇದೆಯೆಂದು ಹೇಳಬೇಕೆ? ಅಥವಾ ಫಲವಿಲ್ಲದ್ದರಿಂದ ಆ ಜೀವನವೇ ವ್ಯರ್ಥವೆಂದು ಕೈಬಿಡಬೇಕೆ? ಇವೆರಡೂ ತಪ್ಪುದಾರಿಗಳೆಂಬುದು ನಮ್ಮ ಅಭಿಪ್ರಾಯ.

ಅಂತಹ ಜೀವನವೊಂದನ್ನು ಈ ಲೇಖನದಲ್ಲಿ ಪರಿಶೀಲಿಸಬೇಕೆಂದು ಸಂಕಲ್ಪಿಸಿದ್ದೇನೆ. ರಷ್ಯಾದೇಶದ ಲೆವ್ ಆಂದ್ರೇವಿಚ್ ಆರ್ಟ್ಸಿಮೋವಿಚರು ೧೯೦೯ರಲ್ಲಿ ಮಾಸ್ಕೋ ನಗರದಲ್ಲಿ ಹುಟ್ಟಿ ೧೯೭೩ರಲ್ಲಿ ಅದೇ ನಗರದಲ್ಲಿ ತೀರಿಕೊಂಡರು. ಬಾಳಿನ ಕಡೆಯ ೨೨ ವರ್ಷಗಳಲ್ಲಿ ಅವರು ಹಿಡಿದುದು ಒಂದೇ ವ್ರತ: ಹಗುರವಾದ ಪರಮಾಣುಬೀಜಗಳನ್ನು ಒಂದರೊಡನೊಂದು ಕೂಡಿಸಿ, ಆ ಸಮ್ಮಿಲನದಿಂದ ಹೊರಡುವ ಶಕ್ತಿಯನ್ನು ಕಾಂತಬಲದ ಹತೋಟಿಯಲ್ಲಿ ಮನುಷ್ಯನಿಗೆ ದೊರಕಿಸಿಕೊಡುವುದು. ಅವರು ಕಣ್ಣು ಮುಚ್ಚಿದಾಗ ಆ ಶಕ್ತಿಯಿಂದ ಲೋಕದ ಯಾವ ಮನೆಯಲ್ಲಿಯೂ ಒಂದು ದೀಪ ಉರಿದಿರಲಿಲ್ಲ. ಇಂದಿಗೂ ಉರಿದಿಲ್ಲ. ಹೀಗಿದ್ದರೂ ಆ ಶಾಸ್ತ್ರದ ವಿದ್ವಾಂಸರು ಅವರ ಹೆಸರನ್ನು ಗೌರವದಿಂದ ಸ್ಮರಿಸುವರು. ಈ ಗೌರವವು ಯಾವುದಕ್ಕೆ ಸಲ್ಲುತ್ತದೆ ಎಂಬುದೇ ಇಲ್ಲಿಯ ಪ್ರಶ್ನೆ. ಪಾಠಶಾಲೆಯಲ್ಲಿ ಕಾವ್ಯ ವ್ಯಾಕರಣಗಳನ್ನು ಓದಿದವನಿಗೆ ಈ ವಿಷಯದಲ್ಲಿ ಅಧಿಕಾರವೇನೆಂದು ಕೇಳುವವರು ಇರಬಹುದು. ಯಂತ್ರವನ್ನು ಕಟ್ಟುವ ಅಧಿಕಾರ ನಮಗಿಲ್ಲ, ನಿಜ. ಆದರೆ ಒಂದು ಚರಿತೆಯು ಎಲ್ಲಿ ನಿಂತಿದೆ, ಅದನ್ನು ಹೇಳುವವರು ಎಲ್ಲಿ ನಿಂತಿದೆಯೆಂದು ಹೇಳುತ್ತಾರೆ ಎಂಬುದನ್ನು ಅಳೆಯುವುದು ಸಾಹಿತ್ಯವಿಮರ್ಶೆಯ ಕೆಲಸವೇ ಆಗಿದೆ.

ಅಳೆಯಲು ಮಾನದಂಡವೊಂದು ನಮ್ಮವರಲ್ಲಿಯೇ ಉಂಟು. ನಾಟ್ಯಶಾಸ್ತ್ರಕಾರರು ಫಲಾರ್ಥಿಯಾದ ನಾಯಕನ ಕಾರ್ಯಕ್ಕೆ ಐದು ಅವಸ್ಥೆಗಳನ್ನು ಹೇಳಿದ್ದಾರೆ. ಫಲವು ಬೇಕೆಂಬ ಔತ್ಸುಕ್ಯವು ಹುಟ್ಟುವುದು ಆರಂಭ. ಅದು ಇನ್ನೂ ದೂರವಿರಲು ತ್ವರೆಯಿಂದ ಮಾಡುವ ವ್ಯಾಪಾರವು ಯತ್ನ. ಉಪಾಯವೂ ಅಪಾಯವೂ ಎರಡೂ ಎದುರಿಗೆ ನಿಂತಿರಲು ಸಿಕ್ಕೀತೆಂಬ ಆಸೆಯು ತಲೆದೋರುವುದು ಪ್ರಾಪ್ತ್ಯಾಶಾ. ಅಪಾಯವೆಲ್ಲ ಕಳೆದು ಸಿಕ್ಕುವುದು ನಿಶ್ಚಯವಾಗುವುದು ನಿಯತಾಪ್ತಿ. ಫಲವು ಸಮಗ್ರವಾಗಿ ಕೈಸೇರುವುದು ಫಲಾಗಮ. ಶಾಕುಂತಲದಲ್ಲಿ ದುರ್ವಾಸರ ಶಾಪವೂ ಉಂಟು, ಉಂಗುರವನ್ನು ಕಂಡರೆ ಶಾಪವು ನೀಗುವುದೆಂಬ ವರವೂ ಉಂಟು. ಅಪಾಯೋಪಾಯಗಳು ಜೊತೆಯಾಗಿ ನಿಂತ ಆ ಸ್ಥಿತಿಯು ಮೂರನೆಯ ಅವಸ್ಥೆಗೆ ಒಳ್ಳೆಯ ನಿದರ್ಶನ. ಅಲ್ಲಿಯೇ ತೆರೆಯನ್ನು ಎಳೆದು, ದುಷ್ಯಂತನಿಗೆ ಶಕುಂತಲೆಯು ಸಿಕ್ಕಿಯೇ ಬಿಟ್ಟಳೆಂದು ಸಾರಿದರೆ ಸಭಿಕರು ಒಪ್ಪಿಯಾರೇ? ಬೈಜಿಕ ಸಮ್ಮಿಲನದ ಕಥೆಯನ್ನು ಲೋಕಕ್ಕೆ ಹೇಳಿದವರು ಮಾಡಿದ ತಪ್ಪು ಇದೇ. ಪ್ರಾಪ್ತ್ಯಾಶೆಯನ್ನು ಅವರು ಮತ್ತೆ ಮತ್ತೆ ನಿಯತಾಪ್ತಿಯೆಂದು ಕರೆದರು. ಆರ್ಟ್ಸಿಮೋವಿಚರ ಗುಣವೆಂದರೆ, ತಮ್ಮ ಕಾರ್ಯವು ಯಾವ ಅವಸ್ಥೆಯಲ್ಲಿದೆಯೆಂಬುದನ್ನು ಅವರು ಅರಿತಿದ್ದರು, ಅರಿತುದನ್ನೇ ನುಡಿದರು.

ಮುಂದೆ ಹೋಗುವ ಮುನ್ನ ಕಾರ್ಯದ ಸ್ವರೂಪವನ್ನು ಸ್ಥೂಲವಾಗಿ ತಿಳಿಯಬೇಕು. ಜಲಜನಕದ ಭಾರವಾದ ರೂಪಗಳೆರಡಕ್ಕೆ ಡ್ಯೂಟೀರಿಯಂ, ಟ್ರಿಟಿಯಂ ಎಂದು ಹೆಸರು. ಇವುಗಳ ಬೀಜಗಳು ಕೂಡಿದರೆ ಹೀಲಿಯಂ ಹುಟ್ಟಿ, ಬಹಳ ಶಕ್ತಿಯು ಹೊರಬೀಳುವುದು. ಆದರೆ ಈ ಬೀಜಗಳೆಲ್ಲ ಒಂದೇ ಜಾತಿಯ ವಿದ್ಯುದಂಶವುಳ್ಳವಾದುದರಿಂದ ಒಂದನ್ನೊಂದು ದೂರ ತಳ್ಳುವುವು. ಆ ವಿರೋಧವನ್ನು ಮೀರಿ ಕೂಡಬೇಕಾದರೆ ಅತಿವೇಗದಿಂದ ಹಾಯಬೇಕು. ಅಂದರೆ ಉಷ್ಣಮಾನವು ೧೦ ಕೋಟಿ ಡಿಗ್ರಿಗೂ ಮಿಗಿಲಾಗಬೇಕು. ಅಷ್ಟು ಕಾವಿನಲ್ಲಿ ಅನಿಲವು ಅನಿಲವಾಗಿ ಉಳಿಯದೆ, ಎಲೆಕ್ಟ್ರಾನುಗಳೂ ಬೀಜಗಳೂ ಬೇರೆಬೇರೆಯಾಗಿ ಹರಿದಾಡುವ ಪ್ಲಾಸ್ಮಾ ಎಂಬ ನಾಲ್ಕನೆಯ ಅವಸ್ಥೆಗೆ ಬರುವುದು. ಅದನ್ನು ತುಂಬಿಡಲು ಯಾವ ಪಾತ್ರೆಯೂ ಆಗದು. ಗೋಡೆಯನ್ನು ಮುಟ್ಟಿದೊಡನೆ ಪ್ಲಾಸ್ಮಾ ತಣ್ಣಗಾಗಿ ಹೋಗುವುದು.

ಆದುದರಿಂದ ಕಾಂತಬಲವೇ ಪಾತ್ರೆಯಾಗಬೇಕು. ವಿದ್ಯುದಂಶವುಳ್ಳ ಕಣಗಳು ಕಾಂತಬಲದ ರೇಖೆಗಳನ್ನು ಬಳ್ಳಿಯು ಕಂಬವನ್ನು ಸುತ್ತುವಂತೆ ಸುತ್ತಿಕೊಂಡು ಓಡುವುವು. ರೇಖೆಗಳು ನೆಟ್ಟಗಿದ್ದರೆ ಎರಡು ತುದಿಗಳಲ್ಲಿಯೂ ಸೋರಿಕೆಯಾಗುವುದರಿಂದ ಅವನ್ನು ಬಳೆಯಂತೆ ಬಾಗಿಸಬೇಕು. ಬಾಗಿಸಿದರೆ ಮತ್ತೊಂದು ತೊಡಕು: ಬಳೆಯ ಒಳಮಗ್ಗುಲಲ್ಲಿ ಬಲವು ಹೆಚ್ಚು, ಹೊರಮಗ್ಗುಲಲ್ಲಿ ಕಡಮೆ, ಈ ತಾರತಮ್ಯದಿಂದ ಕಣಗಳು ಮೇಲಕ್ಕೂ ಕೆಳಕ್ಕೂ ಜಾರಿ ಗೋಡೆಯನ್ನು ಸೇರುವುವು. ಇದಕ್ಕೆ ಪರಿಹಾರವು ರೇಖೆಗಳನ್ನು ಹಗ್ಗದ ಹುರಿಯಂತೆ ತಿರುಚುವುದು. ಹೊರಗಿನ ತಂತಿಸುರುಳಿಗಳಿಂದಲೇ ತಿರುಚುವ ಯಂತ್ರಕ್ಕೆ ಸ್ಟೆಲರೇಟರ್ ಎಂದೂ, ಪ್ಲಾಸ್ಮಾದ ಒಳಗೇ ಮಹಾವಿದ್ಯುತ್ಪ್ರವಾಹವನ್ನು ಹರಿಸಿ ತಿರುಚುವ ಯಂತ್ರಕ್ಕೆ ಟೋಕಮಾಕ್ ಎಂದೂ ಹೆಸರು. ಮೊದಲನೆಯದು ಅಮೆರಿಕೆಯ ಪ್ರಿನ್‌ಸ್ಟನ್ನಿನ ಲೈಮನ್ ಸ್ಪಿಟ್ಜರರದು, ಎರಡನೆಯದು ರಷ್ಯಾದವರದು. ಬಳೆಯಾಕಾರದ ಕೋಶ, ಕಾಂತದ ಸುರುಳಿಗಳು ಎಂಬರ್ಥದ ರಷ್ಯನ್ ಪದಗಳ ಮೊದಲಕ್ಷರಗಳನ್ನು ಸೇರಿಸಿ ಟೋಕಮಾಕ್ ಎಂಬ ಹೆಸರನ್ನು ಕಟ್ಟಿದರು.

ಇನ್ನು ಆರಂಭಾವಸ್ಥೆಯನ್ನು ನೋಡೋಣ. ೧೯೫೦ರಲ್ಲಿ ಸಖಾಲಿನ್ ದ್ವೀಪದಲ್ಲಿ ಸೈನ್ಯದ ಚಾಕರಿಯಲ್ಲಿದ್ದ ಒಲೆಗ್ ಲಾವ್ರೆಂತೇವ್ ಎಂಬ ತರುಣನು ಸಮ್ಮಿಲನದ ಶಕ್ತಿಯನ್ನು ಹಿಡಿಯುವ ಒಂದು ಕಲ್ಪನೆಯನ್ನು ಬರೆದು ಮಾಸ್ಕೋಗೆ ಕಳುಹಿಸಿದನು. ಆ ಬರೆಹವು ಪರಿಶೀಲನೆಗಾಗಿ ಆಂದ್ರೇ ಸಖಾರೋವರ ಕೈಗೆ ಬಂದಿತು. ಕಲ್ಪನೆಯು ಇದ್ದಂತೆಯೇ ನಡೆಯುವಂಥದಾಗಿರಲಿಲ್ಲ. ಆದರೆ ಅದರ ಪ್ರೇರಣೆಯಿಂದ ಸಖಾರೋವರೂ ಅವರ ಹಿರಿಯರಾದ ಇಗೋರ್ ಟಾಮ್ಮರೂ ಬಳೆಯಾಕಾರದ ಕಾಂತಪಾತ್ರೆಯನ್ನು ಯೋಚಿಸಿದರು. ೧೯೫೧ರ ಮಾರ್ಚಿಯಲ್ಲಿ ಅರ್ಜೆಂಟೀನಾದ ಅಧ್ಯಕ್ಷ ಪೆರೋನರು, ತಮ್ಮ ದೇಶದ ಒಂದು ದ್ವೀಪದಲ್ಲಿ ರೊನಾಲ್ಡ್ ರಿಕ್ಟರ್ ಎಂಬವರು ಈ ಶಕ್ತಿಯನ್ನು ಸಾಧಿಸಿಬಿಟ್ಟರೆಂದು ಲೋಕಕ್ಕೆ ಸಾರಿದರು. ಅದು ಸುಳ್ಳಾಯಿತು. ಆದರೂ ಆ ಸುದ್ದಿಯೇ ಅಮೆರಿಕೆಯಲ್ಲಿ ಸ್ಪಿಟ್ಜರರನ್ನು ಯೋಚನೆಗೆ ಹಚ್ಚಿತು. ರಷ್ಯಾದ ಸರಕಾರವನ್ನೂ ಎಚ್ಚರಿಸಿತು. ಫಲಾಗಮದ ಸುಳ್ಳುಸುದ್ದಿಯಿಂದಲೇ ಆರಂಭವನ್ನು ಕಂಡ ಕಾರ್ಯವಿದು. ಆ ವರ್ಷವೇ ಪ್ರಯೋಗಗಳ ಮುಖ್ಯಾಧಿಕಾರವು ಆರ್ಟ್ಸಿಮೋವಿಚರಿಗೆ ಬಂದಿತು. ಮಿನ್‌ಸ್ಕ್ ನಗರದಲ್ಲಿ ಓದಿ, ೧೯೩೦ರಿಂದ ಲೆನಿನ್‌ಗ್ರಾಡಿನ ಭೌತಶಾಸ್ತ್ರ ಸಂಸ್ಥೆಯಲ್ಲಿ ಪಳಗಿ, ಬಳಿಕ ಮಾಸ್ಕೋದಲ್ಲಿ ವಿದ್ಯುತ್ಕಾಂತದಿಂದ ಯುರೇನಿಯಂ ಜಾತಿಗಳನ್ನು ಬೇರ್ಪಡಿಸುವ ಕೆಲಸವನ್ನು ನಡಸಿದವರು ಅವರು. ಆ ಕೆಲಸವು ಅಣ್ವಸ್ತ್ರಕ್ಕೆ ಸೇರಿದುದು. ಚರಿತ್ರಕಾರನು ಇದನ್ನು ಮುಚ್ಚಬಾರದು. ಶಾಂತಿಯ ದೀಪವನ್ನು ಹಚ್ಚಲು ಹೊರಟ ಕೈಯು ಮೊದಲು ಪಳಗಿದುದು ಶಸ್ತ್ರಶಾಲೆಯಲ್ಲಿ.

ಯತ್ನಾವಸ್ಥೆಯಲ್ಲಿ ಅವರ ಗುಣಕ್ಕೆ ಮೊದಲ ಪರೀಕ್ಷೆಯು ಒದಗಿತು. ೧೯೫೨ರಲ್ಲಿ ಅವರ ಬಳಗದವರು ಡ್ಯೂಟೀರಿಯಂ ತುಂಬಿದ ನೆಟ್ಟನೆಯ ಕೊಳವೆಯಲ್ಲಿ ಮಹಾವಿದ್ಯುತ್ಪ್ರವಾಹವನ್ನು ಹಾಯಿಸಿದಾಗ ನ್ಯೂಟ್ರಾನುಗಳು ಹೊರಟವು. ಬೀಜಗಳು ಕೂಡಿದರೆ ನ್ಯೂಟ್ರಾನುಗಳು ಹೊರಡುವುವೆಂಬುದು ಶಾಸ್ತ್ರಸಿದ್ಧ. ಹೊಗೆಯು ಕಂಡಮೇಲೆ ಬೆಂಕಿಯಿರಲೇಬೇಕು ಎಂದು ಊಹಿಸುವುದು ಸಹಜ. ಆದರೆ ತರ್ಕವನ್ನು ಓದಿದವರು ಬಲ್ಲಂತೆ, ದೂರದಿಂದ ಹೊಗೆಯೆಂದು ಕಂಡುದು ಮಂಜೂ ಆಗಬಹುದು. ಆಗ ಹೇತುವೇ ಹೇತ್ವಾಭಾಸವಾಗುವುದು. ಆರ್ಟ್ಸಿಮೋವಿಚರ ಬಳಗವು ಕೂಲಂಕಷವಾಗಿ ಪರೀಕ್ಷಿಸಿ, ಆ ನ್ಯೂಟ್ರಾನುಗಳು ಸಮಸ್ತ ಪ್ಲಾಸ್ಮಾ ಕಾದುದರಿಂದ ಹುಟ್ಟಿದವಲ್ಲ, ಪ್ರವಾಹದ ಅಸ್ಥಿರತೆಯಿಂದ ಕೆಲವೇ ಕಣಗಳು ಅತಿವೇಗವನ್ನು ಪಡೆದುದರಿಂದ ಹುಟ್ಟಿದವು ಎಂದು ನಿರ್ಣಯಿಸಿತು. ಆಳುವವರು ಜಯದ ಸುದ್ದಿಯನ್ನೇ ಕಾಯುತ್ತಿದ್ದ ಕಾಲದಲ್ಲಿ ಇದು ಜಯವಲ್ಲವೆಂದು ಹೇಳುವುದಕ್ಕೆ ಎಂತಹ ಧೈರ್ಯವು ಬೇಕೆಂಬುದನ್ನು ವಾಚಕರೇ ಊಹಿಸಬಹುದು. ೧೯೫೬ರ ಏಪ್ರಿಲಿನಲ್ಲಿ ಇಗೋರ್ ಕುರ್ಚಾಟೋವರು ಇಂಗ್ಲೆಂಡಿನ ಹಾರ್ವೆಲ್ಲಿಗೆ ಹೋಗಿ, ಅಲ್ಲಿಯವರ ಎದುರಿಗೇ ಈ ಪ್ರಯೋಗಗಳನ್ನೂ ಈ ನಿರ್ಣಯವನ್ನೂ ಬಿಚ್ಚಿ ಹೇಳಿದರು.

ಎಚ್ಚರಿಕೆಯ ಮಾತನ್ನು ಕೇಳಿದ ಹಾರ್ವೆಲ್ಲಿನಲ್ಲಿಯೇ ಎರಡು ವರ್ಷಗಳೊಳಗೆ ಅದೇ ಪ್ರಮಾದವು ನಡೆಯಿತು. ಅಲ್ಲಿಯ ಜೀಟಾ ಎಂಬ ಯಂತ್ರದಿಂದ ಹೊರಟ ನ್ಯೂಟ್ರಾನುಗಳನ್ನು ಕಂಡು, ೧೯೫೮ರ ಜನವರಿಯಲ್ಲಿ ಸಮ್ಮಿಲನವು ಸಾಧಿಸಿತೆಂಬ ಅರ್ಥದ ಪ್ರಕಟನೆಯಾಯಿತು. ಸಂಸ್ಥೆಯ ಮುಖ್ಯಸ್ಥರಾದ ಸರ್ ಜಾನ್ ಕಾಕ್‌ಕ್ರಾಫ್ಟರು ತಮಗೆ ನೂರಕ್ಕೆ ತೊಂಬತ್ತರಷ್ಟು ನಂಬಿಕೆಯಿದೆಯೆಂದರು. ಪತ್ರಿಕೆಗಳು ಉಳಿದ ಹತ್ತನ್ನೂ ತಾವೇ ತುಂಬಿಕೊಂಡವು. ಪ್ಲಾಸ್ಮಾ ಒಟ್ಟಾಗಿ ಕಾದಿದ್ದರೆ ನ್ಯೂಟ್ರಾನುಗಳು ಎಲ್ಲ ದಿಕ್ಕುಗಳಲ್ಲಿಯೂ ಸಮಾನ ವೇಗದಿಂದ ಹೊರಡಬೇಕು. ಅಳೆದು ನೋಡಿದಾಗ ದಿಕ್ಕಿನಿಂದ ದಿಕ್ಕಿಗೆ ಭೇದವು ಕಂಡಿತು. ಮೇ ತಿಂಗಳಲ್ಲಿ ಪ್ರಕಟನೆಯನ್ನು ಹಿಂತೆಗೆದುಕೊಳ್ಳಬೇಕಾಯಿತು. ಇಲ್ಲಿ ಆಂಗ್ಲ ವಿದ್ವಾಂಸರನ್ನು ನಿಂದಿಸುವುದು ನಮ್ಮ ಉದ್ದೇಶವಲ್ಲ. ಭೇದವನ್ನು ಅಳೆದು ತಪ್ಪನ್ನು ಕಂಡವರೂ ಹಾರ್ವೆಲ್ಲಿನವರೇ. ಅವಸ್ಥೆಯನ್ನು ಗುರುತಿಸುವುದರಲ್ಲಿ ಎರಡು ಕಡೆಯವರಿಗೂ ಇದ್ದ ತಾಳ್ಮೆಯ ತಾರತಮ್ಯವನ್ನು ತೋರಿಸುವುದಷ್ಟೇ ಉದ್ದೇಶ.

ಅದೇ ೧೯೫೮ರ ಸೆಪ್ಟೆಂಬರಿನಲ್ಲಿ ಜಿನೀವಾ ನಗರದಲ್ಲಿ ಕೂಡಿದ ಸಮ್ಮೇಳನದಲ್ಲಿ ದೇಶಗಳು ತಮ್ಮ ಗುಟ್ಟುಗಳನ್ನು ಬಿಚ್ಚಿದವು. ನೋಡಿದರೆ ಎಲ್ಲರೂ ಒಂದೇ ತೊಡಕಿನಲ್ಲಿ ಸಿಕ್ಕಿಕೊಂಡವರೇ. ೧೯೬೧ರಲ್ಲಿ ಸಾಲ್ಸ್‌ಬರ್ಗಿನ ಸಮ್ಮೇಳನವನ್ನು ಮುಗಿಸುತ್ತ ಆರ್ಟ್ಸಿಮೋವಿಚರು ಆಡಿದ ಮಾತಿನ ತಾತ್ಪರ್ಯವು ಹೀಗಿದೆ: ಬಲವಾಗಿ ಒಮ್ಮೆ ನೂಕಿದರೆ ಬಾಗಿಲು ತೆರೆಯುವುದೆಂದು ನಾವೆಲ್ಲ ನಂಬಿದ್ದೆವು, ಅದು ಪಾಪಿಯು ಶುದ್ಧಿಲೋಕದ ಯಾತನೆಯನ್ನು ಪಡದೆಯೇ ಸ್ವರ್ಗಕ್ಕೆ ಹೋಗಬಹುದೆಂದು ಹಾರೈಸಿದಷ್ಟೇ ಸುಳ್ಳಾಯಿತು. ‘ನಾವೆಲ್ಲ’ ಎಂಬ ಪದದಲ್ಲಿ ಆಡಿದವನೂ ಸೇರಿದ್ದಾನೆಂಬುದನ್ನು ಗಮನಿಸಬೇಕು. ಅದೇ ಸಮ್ಮೇಳನದಲ್ಲಿ ಅವರು ಅಮೆರಿಕೆಯವರ ಕೆಲವು ಫಲಿತಾಂಶಗಳನ್ನು ಕಠಿನವಾಗಿ ಖಂಡಿಸಿದರು. ಖಂಡನವು ಅವರ ಸ್ವಭಾವ. ಆದರೆ ಖಂಡನಕಾರನ ಯೋಗ್ಯತೆಯು ಹೊರಬೀಳುವುದು ಅವನೇ ಮಂಡನಕ್ಕೆ ನಿಂತಾಗ.

ಆ ಸಂದರ್ಭವು ಟೋಕಮಾಕಿನಿಂದ ಬಂದಿತು. ಆ ಯಂತ್ರವನ್ನು ಬೆಳಸಿದವರಲ್ಲಿ ಅಗ್ರಗಣ್ಯರು ನಾತಾನ್ ಯಾವ್ಲಿನ್‌ಸ್ಕಿಯವರು. ೧೯೬೨ರಲ್ಲಿ ಅವರು ವಿಮಾನದ ಅಪಘಾತದಲ್ಲಿ ಮಡಿದ ಮೇಲೆ ಆರ್ಟ್ಸಿಮೋವಿಚರೇ ಆ ಕೆಲಸವನ್ನು ಕೈಗೆತ್ತಿಕೊಂಡರು. ಆ ಕಾಲಕ್ಕೆ ವಿದ್ವಾಂಸರನ್ನು ಕಾಡುತ್ತಿದ್ದ ಭೂತವೊಂದುಂಟು. ಡೇವಿಡ್ ಬೋಮ್ ಎಂಬವರು ೧೯೪೦ರ ದಶಕದಲ್ಲಿ ಕಂಡುಕೊಂಡ ಒಂದು ಸೂತ್ರದಂತೆ ಪ್ಲಾಸ್ಮಾ ಕಾಂತಪಾತ್ರೆಯಿಂದ ಲೆಕ್ಕಕ್ಕಿಂತ ಬಹಳ ಬೇಗ ಸೋರಿಹೋಗುವುದು. ಪ್ರಿನ್‌ಸ್ಟನ್ನಿನ ಸ್ಟೆಲರೇಟರುಗಳಲ್ಲಿಯೂ ಸೋರಿಕೆಯು ಹಾಗೆಯೇ ಇತ್ತು. ಈ ಸೂತ್ರವು ಎಲ್ಲ ಯಂತ್ರಗಳಿಗೂ ಅನ್ವಯಿಸುವುದಾದರೆ ಕಾರ್ಯವು ಎಂದೆಂದಿಗೂ ಕೈಗೂಡದು. ೧೯೬೫ರಲ್ಲಿ ಇಂಗ್ಲೆಂಡಿನ ಕಲ್ಹಮ್ಮಿನಲ್ಲಿ ಆರ್ಟ್ಸಿಮೋವಿಚರು, ಟೋಕಮಾಕಿನಲ್ಲಿ ಪ್ಲಾಸ್ಮಾ ಆ ಸೂತ್ರವನ್ನು ಮೀರಿ ನಿಂತಿದೆಯೆಂದು ಹೇಳಿದಾಗ ಪಾಶ್ಚಾತ್ಯರು ನಂಬಲಿಲ್ಲ. ೧೯೬೮ರ ಆಗಸ್ಟಿನಲ್ಲಿ ನೊವೊಸಿಬಿರ್ಸ್ಕಿನಲ್ಲಿ, ಟಿ-೩ ಎಂಬ ಟೋಕಮಾಕಿನಲ್ಲಿ ಎಲೆಕ್ಟ್ರಾನುಗಳ ಉಷ್ಣಮಾನವು ೧ ಕೋಟಿ ಡಿಗ್ರಿಯನ್ನು ಮುಟ್ಟಿತೆಂದೂ, ಹಿಡಿತದ ಕಾಲವು ಬೋಮ್ ಸೂತ್ರದ ಲೆಕ್ಕಕ್ಕೆ ಹತ್ತಾರು ಮಡಿಯೆಂದೂ ಅವರು ಸಾರಿದರು. ಆಗಲೂ ಸಂದೇಹವು ಪೂರ್ಣವಾಗಿ ಅಳಿಯಲಿಲ್ಲ. ಸಂದೇಹಕ್ಕೆ ಕಾರಣವೂ ಇತ್ತು: ರಷ್ಯಾದವರು ಉಷ್ಣಮಾನವನ್ನು ನೇರವಾಗಿ ಅಳೆಯದೆ, ಬೇರೆ ಅಳತೆಗಳಿಂದ ಊಹಿಸಿದ್ದರು, ಕೆಲವೇ ಎಲೆಕ್ಟ್ರಾನುಗಳು ಹುಚ್ಚುವೇಗದಿಂದ ಓಡುತ್ತಿದ್ದರೂ ಅಂತಹ ಊಹೆಯು ತಪ್ಪುವುದು. ಹದಿನಾರು ವರ್ಷಗಳ ಹಿಂದೆ ಅವರೇ ತಮ್ಮ ನ್ಯೂಟ್ರಾನುಗಳ ಮೇಲೆ ಹಾಕಿದ ಆಕ್ಷೇಪವು ಬೇರೊಂದು ರೂಪದಲ್ಲಿ ಈಗ ಅವರ ಎದುರಿಗೆ ನಿಂತಿತು.

ಅವರು ಕೊಟ್ಟ ಉತ್ತರವೇ ಈ ಚರಿತೆಯ ಸಾರ. ವಾದದಿಂದ ವಾದವನ್ನು ಗೆಲ್ಲಲು ಹೊರಡದೆ, ಕಲ್ಹಮ್ ಪ್ರಯೋಗಶಾಲೆಯ ನಿರ್ದೇಶಕರಾದ ಬ್ಯಾಸ್ ಪೀಸರಿಗೆ ಆಹ್ವಾನವನ್ನು ಕೊಟ್ಟರು: ನಿಮ್ಮವರು, ನಿಮ್ಮ ಉಪಕರಣಗಳೊಡನೆ ಮಾಸ್ಕೋಗೆ ಬಂದು, ನಮ್ಮ ಯಂತ್ರವನ್ನು ನೀವೇ ಅಳೆಯಿರಿ. ಕಲ್ಹಮ್ಮಿನವರಲ್ಲಿ ಲೇಸರ್ ಕಿರಣದಿಂದ ಅಳೆಯುವ ವಿಧಾನವೊಂದಿತ್ತು. ಮಾಣಿಕ್ಯದ ಲೇಸರಿನ ಒಂದೇ ಬಣ್ಣದ ಬೆಳಕನ್ನು ಪ್ಲಾಸ್ಮಾಕ್ಕೆ ಹಾಯಿಸಿದರೆ, ಓಡುತ್ತಿರುವ ಎಲೆಕ್ಟ್ರಾನುಗಳಿಂದ ಚದರಿದ ಬೆಳಕಿನ ಬಣ್ಣವು ಸ್ವಲ್ಪ ಹರಡಿಕೊಳ್ಳುವುದು. ಓಟವು ಹೆಚ್ಚಿದಷ್ಟೂ ಹರಡಿಕೆಯು ಹೆಚ್ಚು. ಆ ಹರಡಿಕೆಯಿಂದ ಉಷ್ಣಮಾನವು ನೇರವಾಗಿ ತಿಳಿಯುವುದು. ನೊವೊಸಿಬಿರ್ಸ್ಕಿನ ಸಮ್ಮೇಳನವು ಮುಗಿದ ಎರಡು ವಾರಗಳಲ್ಲಿಯೇ ರಷ್ಯಾದ ಸೈನ್ಯವು ಚೆಕೊಸ್ಲೊವಾಕಿಯಾವನ್ನು ಹೊಕ್ಕಿತ್ತು. ಎರಡು ಪಕ್ಷಗಳ ನಡುವೆ ವೈಮನಸ್ಯವು ತುಂಬಿದ್ದ ಕಾಲ. ಹೀಗಿದ್ದರೂ ಡೆರೆಕ್ ರಾಬಿನ್‌ಸನ್, ನಿಕೋಲ್ ಪೀಕಾಕ್ ಮೊದಲಾದ ಆಂಗ್ಲ ವಿದ್ವಾಂಸರು ಸುಮಾರು ೫ ಟನ್ನು ಭಾರದ ಉಪಕರಣಗಳೊಡನೆ ೧೯೬೯ರಲ್ಲಿ ಮಾಸ್ಕೋಗೆ ಹೋಗಿ ಅಳೆದರು. ಉಷ್ಣಮಾನವು ರಷ್ಯಾದವರು ಹೇಳಿದಂತೆಯೇ ಇತ್ತು. ಆ ವರ್ಷದ ನವೆಂಬರಿನಲ್ಲಿ ನೇಚರ್ ಪತ್ರಿಕೆಯಲ್ಲಿ ಫಲಿತಾಂಶವು ಪ್ರಕಟವಾಯಿತು. ಪ್ರಿನ್‌ಸ್ಟನ್ನಿನವರು ೧೯೭೦ರಲ್ಲಿ ತಮ್ಮ ದೊಡ್ಡ ಸ್ಟೆಲರೇಟರನ್ನೇ ಟೋಕಮಾಕಾಗಿ ಮಾರ್ಪಡಿಸಿದರು.

ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನಾದ ನನಗೆ ಈ ಸಂಗತಿಯು ಬಹಳ ಹಿಡಿಸುತ್ತದೆ. ವಿದ್ಯಾರ್ಥಿಯು ತನ್ನ ಉತ್ತರವನ್ನು ತಾನೇ ತಿದ್ದಿಕೊಂಡು ಅಂಕಗಳನ್ನು ಹಾಕಿಕೊಂಡರೆ ಅದಕ್ಕೆ ಬೆಲೆಯಿಲ್ಲ. ತನ್ನಲ್ಲಿ ವಿಶ್ವಾಸವುಳ್ಳ ಗುರುವು ತಿದ್ದಿದರೆ ಸ್ವಲ್ಪ ಬೆಲೆಯುಂಟು. ತನ್ನನ್ನು ಸಂದೇಹಿಸುವ ಪರಶಾಲೆಯ ಉಪಾಧ್ಯಾಯನು ತಿದ್ದಿ ಸರಿಯೆಂದರೆ ಅದೇ ನಿಜವಾದ ಉತ್ತೀರ್ಣತೆ. ಚಿನ್ನವನ್ನು ಒರೆಗೆ ಹಚ್ಚುವುದು ಎಲ್ಲರಿಗೂ ತಿಳಿದ ಮಾತು. ಒರೆಗಲ್ಲನ್ನು ಎದುರಾಳಿಯ ಮನೆಯಿಂದ ತರಿಸುವ ಅಕ್ಕಸಾಲಿಗನು ವಿರಳ. ಆರ್ಟ್ಸಿಮೋವಿಚರು ಅಂತಹ ವಿರಳರಲ್ಲಿ ಒಬ್ಬರು. ಅಳತೆಯು ಪ್ರತಿಕೂಲವಾಗಿದ್ದರೆ ಅವರ ೧೮ ವರ್ಷಗಳ ದುಡಿಮೆಯು ಲೋಕದ ಎದುರಿಗೆ ಬಿದ್ದುಹೋಗುತ್ತಿತ್ತು. ಈ ಅಪಾಯವನ್ನು ಅರಿತೇ ಅವರು ಬಾಗಿಲನ್ನು ತೆರೆದರು.

ಇಷ್ಟನ್ನು ಹೇಳಿ ನಿಲ್ಲಿಸಿದರೆ ನಾವೂ ಪ್ರಶಸ್ತಿಕಾರರ ಸಾಲಿಗೆ ಸೇರಿದಂತಾಗುವುದು. ದೋಷಗಳನ್ನೂ ನೋಡಬೇಕು. ಮೊದಲನೆಯದು ಅವರ ದೋಷಕ್ಕಿಂತ ಅವರನ್ನು ಕುರಿತು ಬರೆಯುವವರ ದೋಷ. ಅವರನ್ನು ಟೋಕಮಾಕಿನ ಜನಕರೆಂದು ಕರೆಯುವ ವಾಡಿಕೆಯುಂಟು. ಲಾವ್ರೆಂತೇವನ ಕಾಗದ, ಸಖಾರೋವ ಟಾಮ್ಮರ ಗಣಿತ, ಯಾವ್ಲಿನ್‌ಸ್ಕಿಯವರ ಶಿಲ್ಪ, ಸಿದ್ಧಾಂತಪಕ್ಷವನ್ನು ನಡಸಿದ ಮಿಖಾಯಿಲ್ ಲಿಯೊಂಟೋವಿಚರ ಲೆಕ್ಕ, ಇವೆಲ್ಲವನ್ನೂ ಒಬ್ಬ ನಾಯಕನಲ್ಲಿ ಕರಗಿಸುವುದು ಚರಿತಕಾವ್ಯದ ಹಳೆಯ ಚಪಲ. ಆರ್ಟ್ಸಿಮೋವಿಚರು ಆ ಯಂತ್ರದ ಜನಕರಲ್ಲ, ಪರೀಕ್ಷಕರು, ಪೋಷಕರು. ಈ ಸ್ಥಾನವು ಚಿಕ್ಕದಲ್ಲ.

ಎರಡನೆಯದು ಅವರ ಜಯದಿಂದಲೇ ಹುಟ್ಟಿದ ದೋಷ. ೧೯೬೯ರ ಬಳಿಕ ಲೋಕವೆಲ್ಲ ಟೋಕಮಾಕಿನ ಹಿಂದೆ ಓಡಿತು. ಸ್ಟೆಲರೇಟರಿನ ಮಾರ್ಗವು ಬಹುಕಾಲ ಕೆಲವೇ ಕಡೆಗಳಲ್ಲಿ ಉಳಿಯಿತು. ಆದರೆ ಟೋಕಮಾಕಿನ ಬಲವೇ ಅದರ ದೌರ್ಬಲ್ಯವೂ ಆಗಿದೆ. ಹಿಡಿತಕ್ಕಾಗಿ ಒಳಗೆ ಹರಿಸುವ ಮಹಾಪ್ರವಾಹವು ಒಮ್ಮೊಮ್ಮೆ ಹಠಾತ್ತಾಗಿ ಕುಸಿದು ಯಂತ್ರಕ್ಕೇ ಆಘಾತವನ್ನು ಮಾಡುವುದು; ಆ ಪ್ರವಾಹವನ್ನು ಬಹಳ ಹೊತ್ತು ಎಡೆಬಿಡದೆ ಹರಿಸುವುದೂ ಕಷ್ಟ. ಸ್ಟೆಲರೇಟರಿಗೆ ಇವೆರಡು ಬಾಧೆಗಳೂ ಇಲ್ಲವೆಂದೇ ಹೇಳಬಹುದು. ಅದರ ಸುರುಳಿಗಳನ್ನು ತಕ್ಕಂತೆ ರಚಿಸುವುದೇ ಅದರ ಕಷ್ಟ. ಜರ್ಮನಿಯ ಗ್ರೈಫ್ಸ್‌ವಾಲ್ಡಿನಲ್ಲಿ ಕಟ್ಟಿದ ವೆಂಡೆಲ್‌ಸ್ಟೈನ್ ೭-ಎಕ್ಸ್ ಎಂಬ ಸ್ಟೆಲರೇಟರು ೨೦೧೫ರ ಡಿಸೆಂಬರಿನಲ್ಲಿ ಕೆಲಸಕ್ಕೆ ತೊಡಗಿ, ಲೆಕ್ಕಹಾಕಿ ಕಟ್ಟಿದರೆ ಆ ಮಾರ್ಗವೂ ಸಾಗುವುದೆಂದು ತೋರಿಸಿತು. ಒಂದು ಮಾರ್ಗವು ಸತ್ಯವೆಂದು ಪರೀಕ್ಷೆಯಲ್ಲಿ ಗೆದ್ದರೆ, ಅದರಿಂದ ಇನ್ನೊಂದು ಮಾರ್ಗವು ಅಸತ್ಯವೆಂದು ಸಿದ್ಧವಾಗುವುದಿಲ್ಲ. ಈ ವಿವೇಕವನ್ನು ಲೋಕವು ಆಗ ಸಾಕಷ್ಟು ತೋರಲಿಲ್ಲ.

ಈಗ ಪ್ರಧಾನ ಪ್ರಶ್ನೆಗೆ ಹಿಂದಿರುಗೋಣ. ಇಂದು ಈ ಕಾರ್ಯವು ಯಾವ ಅವಸ್ಥೆಯಲ್ಲಿದೆ? ಇಂಗ್ಲೆಂಡಿನ ಜೆಟ್ ಎಂಬ ಮಹಾಟೋಕಮಾಕು ೧೯೯೭ರಲ್ಲಿ ೧೬ ಮೆಗಾವಾಟ್ ಸಮ್ಮಿಲನಶಕ್ತಿಯನ್ನು ಕೊಟ್ಟಿತು. ಪ್ಲಾಸ್ಮಾವನ್ನು ಕಾಯಿಸಲು ಅದಕ್ಕಿಂತ ಹೆಚ್ಚು ಶಕ್ತಿಯು ವೆಚ್ಚವಾಗಿತ್ತು. ೨೦೨೩ರಲ್ಲಿ ತನ್ನ ಆಯುಸ್ಸು ಮುಗಿಯುವ ಮುನ್ನ ಅದು ಒಂದೇ ಪ್ರಯೋಗದಲ್ಲಿ ೬೯ ಮೆಗಾಜೂಲ್ ಶಕ್ತಿಯನ್ನು ಕೊಟ್ಟು ಹೊಸ ದಾಖಲೆಯನ್ನು ಮಾಡಿತು. ನಮ್ಮ ಮನೆಗಳ ವಿದ್ಯುತ್ತಿನ ಲೆಕ್ಕದಲ್ಲಿ ಇದು ೧೯ ಯೂನಿಟ್ಟುಗಳಷ್ಟು. ಅದೂ ವಿದ್ಯುತ್ತಾಗಿ ಅಲ್ಲ, ಬರಿಯ ಕಾವಾಗಿ. ಫ್ರಾನ್ಸಿನ ಕದರಾಶ್ ಎಂಬಲ್ಲಿ ಅನೇಕ ದೇಶಗಳು ಕೂಡಿ ಕಟ್ಟುತ್ತಿರುವ ಈಟರ್ ಎಂಬ ಯಂತ್ರದಲ್ಲಿ ಡ್ಯೂಟೀರಿಯಂ ಟ್ರಿಟಿಯಂಗಳ ಪ್ರಯೋಗವು ೨೦೩೯ರಲ್ಲಿ ನಡೆಯಬೇಕೆಂದು ೨೦೨೪ರಲ್ಲಿ ತಿದ್ದಿದ ಯೋಜನೆಯು ಹೇಳುತ್ತದೆ. ಉಪಾಯವು ಬೆಳೆದಿದೆ, ಅಪಾಯವು ಕಳೆದಿಲ್ಲ. ಇದು ಪ್ರಾಪ್ತ್ಯಾಶೆ. ಟಿ-೩ ಇದ್ದ ಅವಸ್ಥೆಯೇ ಇದೂ. ಆಸೆಗೆ ಮಾತ್ರ ಹೆಚ್ಚು ಆಧಾರಗಳಿವೆ.

ಆದರೆ ಲೋಕವು ಕೇಳುತ್ತಿರುವ ಭಾಷೆ ಬೇರೆ. ೧೯೫೫ರಲ್ಲಿ ಜಿನೀವಾದ ಮೊದಲ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದ ನಮ್ಮ ಹೋಮಿ ಭಾಭಾ ಅವರು, ಇನ್ನು ಎರಡು ದಶಕಗಳಲ್ಲಿ ಈ ಶಕ್ತಿಯನ್ನು ಹತೋಟಿಗೆ ತರುವ ಉಪಾಯವು ಸಿಕ್ಕುವುದೆಂದು ಭವಿಷ್ಯ ನುಡಿದರು. ಬೆಂಗಳೂರಿನ ವಿಜ್ಞಾನಮಂದಿರದಲ್ಲಿ ಯುದ್ಧಕಾಲದ ವರ್ಷಗಳನ್ನು ಕ್ಷೇಮವಾಗಿ ಸಂಶೋಧನೆಯಲ್ಲಿ ಕಳೆದ ಆ ಮಹಾಮೇಧಾವಿಯ ಮಾತು ಉತ್ಸಾಹದ ಮಾತಾಗಿತ್ತು. ಕಾಲವು ಅದನ್ನು ನಡಸಿಕೊಡಲಿಲ್ಲ. ಅಂದಿನಿಂದ ಇಪ್ಪತ್ತು ವರ್ಷ, ಮೂವತ್ತು ವರ್ಷ ಎಂಬ ಗಡುವು ಮರೀಚಿಕೆಯಂತೆ ಮುಂದೆ ಮುಂದೆ ಹೋಗುತ್ತ, ಕಡೆಗೆ ಹಾಸ್ಯದ ಮಾತಾಯಿತು.

ಪತ್ರಿಕೆಗಳು ಈ ಯಂತ್ರಗಳಿಗೆ ‘ಕೃತಕಸೂರ್ಯ’ ಎಂಬ ಹೆಸರನ್ನು ಇಟ್ಟಿವೆ. ಅಲಂಕಾರದ ದೃಷ್ಟಿಯಿಂದ ನೋಡಿದರೂ ಈ ಉಪಮಾನವು ಅಷ್ಟಾಗಿ ಹೊಂದದು. ಸೂರ್ಯನ ಗರ್ಭದ ಉಷ್ಣಮಾನವು ೧.೫ ಕೋಟಿ ಡಿಗ್ರಿ. ಈಟರಿಗೆ ಬೇಕಾದುದು ಅದರ ಹತ್ತು ಮಡಿ. ಸೂರ್ಯಗರ್ಭದ ಒಂದು ಘನಮೀಟರಿನಲ್ಲಿ ಹುಟ್ಟುವ ಶಕ್ತಿಯು ೩೦೦ ವಾಟಿಗೂ ಕಡಮೆ. ಅಷ್ಟು ಮಂದವಾದ ಉರಿಯಿಂದ ನಮ್ಮ ಕಾರ್ಯವು ಆಗದು. ಸೂರ್ಯನನ್ನು ಹಿಡಿದಿರುವುದು ಅವನ ಗುರುತ್ವ. ಅದು ಎಂದೂ ಸೋರದ ಪಾತ್ರೆ. ಸಾಧಾರಣಧರ್ಮವು ಬೀಜಗಳ ಸಮ್ಮಿಲನವೊಂದೇ. ಹೀಗಿರಲು ಈ ಹೆಸರಿನಿಂದ ಆಗುವ ಹಾನಿಯೇನು? ಸೂರ್ಯನೆಂದೊಡನೆ ವಾಚಕನ ಮನಸ್ಸಿನಲ್ಲಿ ಉದಯವಾಯಿತೆಂಬ ಭಾವವು ಮೂಡುವುದು, ಅಂದರೆ ಫಲಾಗಮ. ಪದವೊಂದೇ ಎರಡು ಅವಸ್ಥೆಗಳನ್ನು ಹಾರಿಸಿಬಿಡುವುದು.

ಇದು ಬರಿಯ ಶಬ್ದವಿಚಾರವಲ್ಲ. ನಮ್ಮ ದೇಶವೂ ಈ ಕಾರ್ಯದಲ್ಲಿ ತೊಡಗಿದೆ. ಅಮೆರಿಕೆಯಿಂದ ಹಿಂದಿರುಗಿದ ಪ್ರೆಧಿಮಾನ್ ಕೃಷ್ಣ ಕಾವ್ ಅವರ ನೇತೃತ್ವದಲ್ಲಿ ಗುಜರಾತಿನಲ್ಲಿ ಪ್ಲಾಸ್ಮಾ ಸಂಶೋಧನಸಂಸ್ಥೆಯು ಬೆಳೆದು, ೧೯೮೯ರಲ್ಲಿ ‘ಆದಿತ್ಯ’ ಎಂಬ ಟೋಕಮಾಕು ನಡೆಯತೊಡಗಿತು. ೨೦೦೫ರಲ್ಲಿ ಭಾರತವು ಈಟರಿನ ಪಾಲುದಾರರಲ್ಲಿ ಒಂದಾಯಿತು. ಅದರ ಯಂತ್ರವನ್ನೆಲ್ಲ ಒಳಗೊಂಡು ಶೈತ್ಯವನ್ನು ಕಾಯುವ, ಸುಮಾರು ೩೦ ಮೀಟರ್ ಎತ್ತರದ ಮಹಾಕೋಶವು ನಮ್ಮವರು ಮಾಡಿಕೊಟ್ಟುದು. ಈ ಕೆಲಸಕ್ಕೆ ಪ್ರಜೆಗಳ ಹಣವು ಸಲ್ಲುತ್ತದೆ. ನಮ್ಮ ಮನೆಗಳ ತರುಣರು ಇದಕ್ಕೆ ತಮ್ಮ ಆಯುಸ್ಸನ್ನು ಕೊಡುತ್ತಾರೆ. ನಿಯತಾಪ್ತಿಯೆಂದು ನಂಬಿಸಿ ಹಣವನ್ನು ಪಡೆದರೆ, ಗಡುವು ತಪ್ಪಿದಾಗ ಜನರು ಮೋಸವೆಂದು ಎಲ್ಲವನ್ನೂ ನಿಲ್ಲಿಸುವರು. ನಿಯತಾಪ್ತಿಯೆಂದು ನಂಬಿ ಹೋದ ತರುಣನು ಐವತ್ತರ ವಯಸ್ಸಿನಲ್ಲಿ ತನ್ನ ಬಾಳು ಬರಿದಾಯಿತೆಂದು ಕೊರಗುವನು. ಪ್ರಾಪ್ತ್ಯಾಶೆಯೆಂದು ತಿಳಿದು ಹೋದವನಿಗೆ ಆ ಕೊರಗು ಇಲ್ಲ.

ಫಲದ ಚಿಂತೆಯನ್ನು ಬಿಟ್ಟು ಕರ್ಮವನ್ನು ಮಾಡಬೇಕೆಂದು ಗೀತೆಯೇ ಹೇಳಿರುವಾಗ ಇಷ್ಟು ವಿಚಾರವೇಕೆಂದು ಕೆಲವರು ಕೇಳಬಹುದು. ಆ ಉಪದೇಶವು ದೊಡ್ಡದು. ಆದರೆ ಅದನ್ನು ಇಲ್ಲಿಗೆ ಸುಲಭವಾಗಿ ತಂದು ಹಚ್ಚುವುದು ಉಚಿತವಲ್ಲ. ಆರ್ಟ್ಸಿಮೋವಿಚರು ಫಲದಲ್ಲಿ ಉದಾಸೀನರಾಗಿರಲಿಲ್ಲ. ಅವರು ಅದನ್ನು ಬಯಸಿದರು, ಅದಕ್ಕಾಗಿ ಹೋರಾಡಿದರು, ಅದರ ದಾರಿಯನ್ನು ಅಳೆದು ಅಳೆದು ನಡೆದರು. ಲೋಕಕ್ಕೆ ಆ ಶಕ್ತಿಯು ಅಗತ್ಯವೆನಿಸಿದಾಗ ಅದು ಸಿದ್ಧವಾಗುವುದೆಂಬ ಅರ್ಥದ ಅವರ ಮಾತೊಂದು ಪ್ರಸಿದ್ಧವಾಗಿದೆ. ಅದರಲ್ಲಿ ವೈರಾಗ್ಯವಿಲ್ಲ, ವರ್ಷವನ್ನು ಹೆಸರಿಸದ ಸಂಯಮವಿದೆ. ಫಲವನ್ನು ಬಯಸದೆ ಇರುವುದು ಒಂದು ವಿಧದ ನಿಷ್ಠೆ. ಫಲವನ್ನು ತೀವ್ರವಾಗಿ ಬಯಸುತ್ತಲೂ, ಅದು ಇನ್ನೂ ಬಂದಿಲ್ಲವೆಂಬುದನ್ನು ಮೊದಲು ತಾನೇ ಹೇಳುವುದು ಇನ್ನೊಂದು ವಿಧದ ನಿಷ್ಠೆ. ಎರಡನೆಯದು ಹೆಚ್ಚು ಕಷ್ಟವೆಂದು ನನಗೆ ತೋರುತ್ತದೆ.

ಆದುದರಿಂದ ಕನ್ನಡದಲ್ಲಿ ವಿಜ್ಞಾನಿಗಳ ಚರಿತ್ರೆಯನ್ನು ಬರೆಯುವ ಮಹನೀಯರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ನಾಯಕನಿಗೆ ಫಲವು ಸಿಕ್ಕಿತೇ ಎಂಬುದೊಂದನ್ನೇ ಕೇಳದೆ, ತನ್ನ ಕಾರ್ಯದ ಅವಸ್ಥೆಯನ್ನು ಅವನು ಸರಿಯಾಗಿ ಅರಿತಿದ್ದನೇ, ಅರಿತುದನ್ನು ಮರೆಮಾಚದೆ ಹೇಳಿದನೇ, ತನ್ನನ್ನು ಅಳೆಯಲು ಸಂದೇಹಿಯ ಕೈಗೆ ಅಳತೆಗೋಲನ್ನು ಕೊಟ್ಟನೇ ಎಂಬುದನ್ನೂ ಕೇಳಿರಿ. ಈ ಮೂರು ಪ್ರಶ್ನೆಗಳಿಗೂ ಆರ್ಟ್ಸಿಮೋವಿಚರ ಜೀವನವು ಒಪ್ಪತಕ್ಕ ಉತ್ತರವನ್ನು ಕೊಡುತ್ತದೆ. ಅವರ ನಾಟಕವು ಮೂರನೆಯ ಅವಸ್ಥೆಯಲ್ಲಿಯೇ ನಿಂತಿತು. ಉಳಿದ ಎರಡನ್ನು ಬರೆಯುವವರು ಇನ್ನೂ ಕೆಲಸದಲ್ಲಿದ್ದಾರೆ. ಅವರು ಬರೆದು ಮುಗಿಸುವವರೆಗೆ ಮಂಗಳಪದ್ಯವನ್ನು ಹಾಡದೆ ಕಾಯುವುದು ನಮ್ಮ ಪತ್ರಿಕೆಗಳ ಕರ್ತವ್ಯವೂ, ಓದುವ ನಮ್ಮೆಲ್ಲರ ಕರ್ತವ್ಯವೂ ಆಗಿದೆ.